ತಿನಿಸಿನ ಬಣ್ಣ: ಯಾವುದು, ಯಾವುದರಲ್ಲಿ, ಎಷ್ಟು, ಯಾವುದರಿಂದ?

ಬೀದರ್: ರಾಜ್ಯ ಸರ್ಕಾರ 2024 ರ ಮಾರ್ಚ್ 11 ರಂದು ಬಣ್ಣ ಹಾಕಿದ ಕಾಟನ್ ಕ್ಯಾಂಡಿ ಮಾರಾಟವನ್ನೂ, ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ ನಿಷೇಧಿಸಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅಂದು ಪ್ರಯೋಗಾಲಯದ ವರದಿಯನ್ನು ಮುಂದಿಟ್ಟುಕೊಂಡೇ ಆದೇಶ ಪ್ರಕಟಿಸಿದರು. ಜೂನ್ ತಿಂಗಳಲ್ಲಿ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದಕ್ಕೂ ನಿಷೇಧ ಬಂತು. ಆಮೇಲೆ ಪಾನಿಪುರಿ, ಕೇಕ್‌ಗಳ ತಪಾಸಣೆಯೂ ನಡೆಯಿತು.

ಗೋಬಿ, ಕಬಾಬ್ ಜೈನ ಮನೆಗಳ ತಿನಿಸಲ್ಲ. ಹೂಕೋಸಿನ ಸಂದಿಯಲ್ಲಿ ಹುಳು ಅಡಗಿರುತ್ತದೆಂದು ಆ ತರಕಾರಿಯನ್ನೇ ಬಿಟ್ಟ ಕುಟುಂಬಗಳು ಬಹಳ ಇವೆ. ಹೀಗಾಗಿ ಸಮಾಜದಲ್ಲಿ ಅನೇಕರು ಇದನ್ನು ಬೇರೆಯವರ ಸುದ್ದಿ ಎಂದು ಓದಿ ಬಿಟ್ಟರು. ಆದರೆ ಬಣ್ಣದ ವಿಷಯ ಗೋಬಿಗೆ ನಿಲ್ಲುವುದಿಲ್ಲ. ಬುಂದಿ ಲಾಡು, ಜಿಲೇಬಿ, ಕೇಸರ್ ಪೇಡಾ, ಶಿರಾ, ಸಂಕ್ರಾಂತಿಯ ಕುಸುರೆಳ್ಳು, ಯುಗಾದಿಯ ಸಕ್ಕರೆ ಸರ, ಊಟದ ನಂತರದ ಬಣ್ಣದ ಸೋಂಪು, ಮಕ್ಕಳ ಹುಟ್ಟುಹಬ್ಬಕ್ಕೆ ಮೊಟ್ಟೆ ಇಲ್ಲದ ಕೇಕ್ ಎಲ್ಲವೂ ಇದರೊಳಗೇ ಬರುತ್ತವೆ. ಇನ್ನೊಂದು ಕಾರಣವೂ ಇದೆ. ಕಿರಾಣಿ, ಬೇಳೆ, ಮಸಾಲೆ, ಮಿಠಾಯಿ ವ್ಯಾಪಾರದಲ್ಲಿ ಸಮಾಜದವರು ಬಹಳ ಮಂದಿ ಇದ್ದಾರೆ. ಕೊಳ್ಳುವವರ ಆರೋಗ್ಯ, ಮಾರುವವರ ಹೆಸರು ಎರಡೂ ಇಲ್ಲಿ ಪಣಕ್ಕಿವೆ.

ಅಂಕಿಗಳು ಹೇಳುವುದೇನು

ರಾಜ್ಯದ ಆಹಾರ ಸುರಕ್ಷತಾ ಇಲಾಖೆ 2024 ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಹೀಗಿವೆ.

ಗೋಬಿ ಮಂಚೂರಿ: 171 ಮಾದರಿ, ಅಸುರಕ್ಷಿತ 107.
ಕಾಟನ್ ಕ್ಯಾಂಡಿ: 25 ಮಾದರಿ, ಅಸುರಕ್ಷಿತ 15.
ಕಬಾಬ್: 39 ಮಾದರಿ, ಅಸುರಕ್ಷಿತ 8.
ಪಾನಿಪುರಿ: 260 ಮಾದರಿ, 41 ರಲ್ಲಿ ಅಸುರಕ್ಷಿತ ಬಣ್ಣ, ಇನ್ನೂ 18 ಮಾದರಿಗಳು ತಿನ್ನಲು ಯೋಗ್ಯವಲ್ಲದ ಗುಣಮಟ್ಟದವು.
ಕೇಕ್: 235 ಮಾದರಿ, ಅಸುರಕ್ಷಿತ 12.

ಗೋಬಿಯಲ್ಲಿ ನೂರಕ್ಕೆ 62, ಕೇಕ್‌ನಲ್ಲಿ ನೂರಕ್ಕೆ 5. ಇಷ್ಟು ಅಂತರ ಏಕೆ? ಬೇಕರಿಯವರೆಲ್ಲ ಪ್ರಾಮಾಣಿಕರು, ಗಾಡಿಯವರೆಲ್ಲ ಮೋಸಗಾರರು ಎಂದು ಇದರ ಅರ್ಥವಲ್ಲ. ಕೇಕ್, ಬಿಸ್ಕತ್ತು, ಐಸ್‌ಕ್ರೀಮ್, ಮಿಠಾಯಿಗಳಿಗೆ ಕೆಲವು ಕೃತಕ ಬಣ್ಣಗಳನ್ನು ಒಂದು ಮಿತಿಯೊಳಗೆ ಹಾಕಲು ಕಾನೂನು ಒಪ್ಪುತ್ತದೆ. ಗೋಬಿ ಮಂಚೂರಿಗೆ ಒಪ್ಪುವುದಿಲ್ಲ. ಗೋಬಿಯಲ್ಲಿ ಸಿಕ್ಕ ಬಣ್ಣಗಳಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಕೂಡ ಇದ್ದವು. ಇವು ಮಿಠಾಯಿಗೆ ಮಿತಿಯಲ್ಲಿ ಹಾಕಬಹುದಾದ ಬಣ್ಣಗಳು. ಅವುಗಳ ಜೊತೆ ರೊಡಮಿನ್-ಬಿ ಸಹ ಸಿಕ್ಕಿತು. ಅದು ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ. ಯಾವ ತಿನಿಸಿಗೂ, ಎಷ್ಟೇ ಸ್ವಲ್ಪವಾದರೂ, ಅದನ್ನು ಹಾಕುವಂತಿಲ್ಲ.

ಆದ್ದರಿಂದ 'ಬಣ್ಣ ವಿಷ' ಎಂದು ಒಂದೇ ಮಾತಿನಲ್ಲಿ ಮುಗಿಸುವುದೂ ತಪ್ಪು, 'ಫುಡ್ ಕಲರ್ ಅಂತ ಬರೆದಿದೆ, ಏನೂ ಆಗಲ್ಲ' ಎನ್ನುವುದೂ ತಪ್ಪು. ಮೂರು ಪ್ರಶ್ನೆ ಕೇಳಬೇಕು. ಯಾವ ಬಣ್ಣ? ಯಾವ ತಿನಿಸಿನಲ್ಲಿ? ಎಷ್ಟು ಪ್ರಮಾಣ? ಜೈನ ಕುಟುಂಬಗಳಿಗೆ ನಾಲ್ಕನೆಯದೊಂದು ಪ್ರಶ್ನೆಯೂ ಇದೆ: ಅದು ಯಾವುದರಿಂದ ಬಂದದ್ದು?

ಯಾವ ಬಣ್ಣ: ಎಂಟು ಹೆಸರು, ಎಂಟು ಸಂಖ್ಯೆ

ಕೃತಕ ಬಣ್ಣಗಳ ಚರಿತ್ರೆ 1856 ರಲ್ಲಿ ಶುರುವಾಗುತ್ತದೆ. ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನಿಂದ ನೇರಳೆ ಬಣ್ಣ ತಯಾರಿಸಿದ. ಅದು ಬಟ್ಟೆಗೆಂದು ಬಂದದ್ದು. ಅಂತಹ ಬಣ್ಣಗಳು ನಂತರ ಆಹಾರಕ್ಕೂ ಇಳಿದವು, ಏಕೆಂದರೆ ಅಗ್ಗ, ಬೇಯಿಸಿದರೂ ಮಾಸುವುದಿಲ್ಲ, ಚಿಟಿಕೆ ಸಾಕು. ಇಂದು ಇವುಗಳನ್ನು ಹೆಚ್ಚಾಗಿ ಪೆಟ್ರೋಲಿಯಂ ಮೂಲದ ಕಚ್ಚಾವಸ್ತುಗಳಿಂದ ತಯಾರಿಸುತ್ತಾರೆ.

ಭಾರತದ 2011 ರ ಆಹಾರ ಸುರಕ್ಷತಾ ನಿಯಮಗಳು ಎಂಟು ಕೃತಕ ಬಣ್ಣಗಳನ್ನು ಹೆಸರಿಸುತ್ತವೆ. ಕೆಂಪಿಗೆ ಕಾರ್ಮೊಯ್ಸಿನ್ (ಸಂಖ್ಯೆ 122), ಪಾನ್ಸೋ 4ಆರ್ (124), ಎರಿತ್ರೋಸಿನ್ (127). ಹಳದಿಗೆ ಟಾರ್ಟ್ರಾಜಿನ್ (102), ಸನ್‌ಸೆಟ್ ಯೆಲ್ಲೋ (110). ನೀಲಿಗೆ ಇಂಡಿಗೋ ಕಾರ್ಮೈನ್ (132), ಬ್ರಿಲಿಯಂಟ್ ಬ್ಲೂ (133). ಹಸಿರಿಗೆ ಫಾಸ್ಟ್ ಗ್ರೀನ್ (143). ಪೊಟ್ಟಣದ ಹಿಂದೆ 'ಐಎನ್‌ಎಸ್' ಎಂಬ ಅಕ್ಷರಗಳ ಮುಂದೆ ಈ ಸಂಖ್ಯೆ ಇರುತ್ತದೆ. ಕೃತಕ ಬಣ್ಣ ಹಾಕಿದ್ದರೆ ಹಾಗೆಂದು ಪೊಟ್ಟಣದ ಮೇಲೆ ಬರೆಯುವುದೂ ಕಡ್ಡಾಯ.

ಹಣ್ಣಿಲ್ಲದ ಹಣ್ಣಿನ ಶರಬತ್ತು, ಕೇಸರಿ ಇಲ್ಲದ ಕೇಸರ್ ಪುಡಿ ಹೀಗೆಯೇ ಬಣ್ಣ ಪಡೆಯುತ್ತವೆ. ಬಿಡಿ ಬಣ್ಣದ ಡಬ್ಬಿ ಕೊಳ್ಳುವವರು ಅದರ ಮೇಲೆ 'ಫುಡ್ ಕಲರ್' ಎಂಬ ಮಾತು, ಬಣ್ಣದ ರಾಸಾಯನಿಕ ಹೆಸರು, ತಯಾರಕರ ವಿಳಾಸ, 14 ಅಂಕಿಗಳ ಪರವಾನಗಿ ಸಂಖ್ಯೆ ಇವೆಯೇ ಎಂದು ನೋಡಬೇಕು. ಕಾಗದದ ಪುಡಿಕೆಯಲ್ಲಿ ಕಟ್ಟಿಕೊಟ್ಟ ಬಣ್ಣಕ್ಕೆ ಇವು ಯಾವುವೂ ಇರುವುದಿಲ್ಲ. ಅದು ಟಾರ್ಟ್ರಾಜಿನ್ ಆಗಿರಬಹುದು, ಬಟ್ಟೆಯ ಬಣ್ಣವಾಗಿರಬಹುದು. ಕೊಟ್ಟವನಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ.

ಎಷ್ಟು: 10 ಕೆ.ಜಿ.ಗೆ 1 ಗ್ರಾಂ

ಬಹುತೇಕ ತಿನಿಸುಗಳಲ್ಲಿ ಮಿತಿ 100 ಪಿಪಿಎಂ. ತಕ್ಕಡಿಯ ಭಾಷೆಯಲ್ಲಿ ಹೇಳುವುದಾದರೆ 1 ಕೆ.ಜಿ. ತಿನಿಸಿಗೆ 100 ಮಿಲಿಗ್ರಾಂ, 10 ಕೆ.ಜಿ.ಗೆ 1 ಗ್ರಾಂ. ಬುಂದಿ ಕಾಳು ಹೊಡೆಯುವ ಕಡೆ, ಮದುವೆ ಮನೆಯ ಒಲೆಯ ಬಳಿ ಗ್ರಾಂ ತೂಗುವ ತಕ್ಕಡಿ ಇರುವುದಿಲ್ಲ. ಚಮಚದಲ್ಲಿ ಹಾಕುತ್ತಾರೆ, ಬಣ್ಣ ಕಣ್ಣಿಗೆ ಒಪ್ಪುವವರೆಗೂ ಹಾಕುತ್ತಾರೆ. ಒಂದು ಚಹಾ ಚಮಚ ಪುಡಿ ಹಲವು ಗ್ರಾಂ ತೂಗುತ್ತದೆ. ಅಂದರೆ ಅನುಮತಿ ಇರುವ ಬಣ್ಣವೇ ಆದರೂ ಮಿತಿ ಮೀರುವುದು ಬಹಳ ಸುಲಭ. ಲಖನೌನ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ಮಾರುಕಟ್ಟೆಯ ತಿನಿಸುಗಳನ್ನು ಪರೀಕ್ಷಿಸಿ ಇದೇ ಎರಡು ದೋಷಗಳನ್ನು ಮತ್ತೆ ಮತ್ತೆ ತೋರಿಸಿದ್ದಾರೆ. ಒಂದು, ಅನುಮತಿ ಇಲ್ಲದ ಬಣ್ಣ. ಎರಡು, ಅನುಮತಿ ಇರುವ ಬಣ್ಣದ ಅತಿಬಳಕೆ.

ಇದು ಮಗುವಿನ ದೇಹಕ್ಕೆ ಏನಾಗುತ್ತದೆಂದು ಲೆಕ್ಕ ಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ, ಜೀವಮಾನವಿಡೀ ದಿನಾ ತಿಂದರೂ ತೊಂದರೆ ಇಲ್ಲ ಎನ್ನುವ ಪ್ರಮಾಣವನ್ನು ಪ್ರತಿ ಬಣ್ಣಕ್ಕೂ ನಿಗದಿ ಮಾಡಿದೆ. ಸನ್‌ಸೆಟ್ ಯೆಲ್ಲೋಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 4 ಮಿಲಿಗ್ರಾಂ. 20 ಕೆ.ಜಿ. ತೂಕದ ಮಗುವಿಗೆ ಅದು 80 ಮಿಲಿಗ್ರಾಂ. ಕಾನೂನಿನ ಮಿತಿಯಲ್ಲಿ ಬಣ್ಣ ಹಾಕಿದ ಮಿಠಾಯಿಯಾದರೆ ಆ ಮಗು ದಿನಕ್ಕೆ 800 ಗ್ರಾಂ ತಿಂದಾಗ ಮಾತ್ರ ಆ ಮಟ್ಟ ಮುಟ್ಟುತ್ತದೆ. ಯಾವ ಮಗುವೂ ಅಷ್ಟು ತಿನ್ನುವುದಿಲ್ಲ. ಆದರೆ ಚಮಚದ ಅಂದಾಜಿನಲ್ಲಿ ಬಣ್ಣ ಐದು ಪಟ್ಟಾದರೆ 160 ಗ್ರಾಂಗೇ ಆ ಮಟ್ಟ ಬರುತ್ತದೆ. ಜಾತ್ರೆಯಲ್ಲೋ ಮದುವೆಯಲ್ಲೋ ಒಂದು ಮಗು ತಿನ್ನುವ ಜಿಲೇಬಿ, ಬುಂದಿಯ ತೂಕ ಅಷ್ಟಾಗಬಹುದು. ಒಂದು ದಿನ ಮೀರಿದರೆ ಕೂಡಲೇ ಅಪಾಯ ಎಂದಲ್ಲ. ದಿನಾ ಬಣ್ಣದ ಬಿಸ್ಕತ್ತು, ಜೆಲ್ಲಿ, ಶರಬತ್ತು ತಿನ್ನುವ ಮಗುವಿನ ಲೆಕ್ಕ ಮಾತ್ರ ಯೋಚಿಸಬೇಕಾದದ್ದು.

ಎರಿತ್ರೋಸಿನ್ ಲೆಕ್ಕ ಇದಕ್ಕಿಂತ ಬಿಗಿ. ಅದಕ್ಕೆ ನಿಗದಿಯಾದದ್ದು ಪ್ರತಿ ಕೆ.ಜಿ. ತೂಕಕ್ಕೆ ಕೇವಲ 0.1 ಮಿಲಿಗ್ರಾಂ. 20 ಕೆ.ಜಿ. ಮಗುವಿಗೆ ದಿನಕ್ಕೆ 2 ಮಿಲಿಗ್ರಾಂ. 100 ಪಿಪಿಎಂ ಬಣ್ಣದ ತಿನಿಸು 20 ಗ್ರಾಂ ತಿಂದರೆ ಅಷ್ಟು ಆಗಿಹೋಯಿತು. ಕಾನೂನಿನ ಮಿತಿಯೊಳಗೇ ಇದ್ದರೂ ಮಗುವಿಗೆ ಹೆಚ್ಚಾಗಬಹುದು ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ. ಪೊಟ್ಟಣದ ಹಿಂದೆ 127 ಕಂಡರೆ ಮಕ್ಕಳ ಕೈಗೆ ಕೊಡುವ ಮುಂಚೆ ಎರಡು ಸಲ ಯೋಚಿಸುವುದು ಒಳ್ಳೆಯದು.

ಹೊರ ದೇಶಗಳ ತೀರ್ಮಾನ

2007 ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 3 ವರ್ಷದ ಹಾಗೂ 8-9 ವರ್ಷದ ಸುಮಾರು 300 ಮಕ್ಕಳಿಗೆ ಬಣ್ಣ ಹಾಗೂ ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದರು. ಸರಾಸರಿಯಾಗಿ ಮಕ್ಕಳ ಚಡಪಡಿಕೆ ಸ್ವಲ್ಪ ಹೆಚ್ಚಿದ್ದು ಕಂಡಿತು. ಎಲ್ಲ ಮಕ್ಕಳಲ್ಲಿ ಒಂದೇ ರೀತಿ ಅಲ್ಲ. ಯಾವ ಬಣ್ಣದಿಂದ ಎಂದು ಬಿಡಿಸಿ ಹೇಳಲೂ ಆಗಲಿಲ್ಲ. ಆದರೂ ಐರೋಪ್ಯ ಒಕ್ಕೂಟ 2010 ರ ಜುಲೈ 20 ರಿಂದ ಆರು ಬಣ್ಣಗಳ ಪೊಟ್ಟಣಗಳ ಮೇಲೆ ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮ ಆಗಬಹುದೆಂಬ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಆ ಆರರಲ್ಲಿ ನಾಲ್ಕು, ಅಂದರೆ 102, 110, 122, 124, ಭಾರತದ ಎಂಟರ ಪಟ್ಟಿಯಲ್ಲಿವೆ. ಇಲ್ಲಿಯ ಪೊಟ್ಟಣದ ಮೇಲೆ ಆ ಎಚ್ಚರಿಕೆ ಇರುವುದಿಲ್ಲ. ಎಚ್ಚರಿಕೆ ಬರೆಯುವ ಬದಲು ಅಲ್ಲಿಯ ಬಹಳಷ್ಟು ಕಂಪನಿಗಳು ಬಣ್ಣವನ್ನೇ ಬದಲಿಸಿದವು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025 ರ ಜನವರಿ 15 ರಂದು ಎರಿತ್ರೋಸಿನ್ ಅನುಮತಿಯನ್ನು ರದ್ದು ಮಾಡಿತು. ತಯಾರಕರಿಗೆ 2027 ರ ಜನವರಿವರೆಗೆ ಕಾಲಾವಕಾಶ ಸಿಕ್ಕಿತು. ಹೆಚ್ಚು ಪ್ರಮಾಣ ತಿನ್ನಿಸಿದ ಗಂಡು ಇಲಿಗಳಲ್ಲಿ ಥೈರಾಯ್ಡ್ ಗಂಟು ಕಂಡದ್ದು ಇದಕ್ಕೆ ಕಾರಣ. ಇಲಿಗಳಲ್ಲಿ ಆಗುವ ಆ ಕ್ರಿಯೆ ಮನುಷ್ಯರಲ್ಲಿ ಆಗುವುದಿಲ್ಲವೆಂದು ಅದೇ ಸಂಸ್ಥೆ ಹೇಳಿದೆ. ಪ್ರಾಣಿಯಲ್ಲಾಗಲಿ ಮನುಷ್ಯರಲ್ಲಾಗಲಿ ಕ್ಯಾನ್ಸರ್ ತರುವ ವಸ್ತುವನ್ನು ಆಹಾರಕ್ಕೆ ಸೇರಿಸುವಂತಿಲ್ಲ ಎಂಬ ಅಲ್ಲಿಯ ಕಾನೂನೇ ಈ ತೀರ್ಮಾನ ಮಾಡಿಸಿತು. 2025 ರ ಏಪ್ರಿಲ್‌ನಲ್ಲಿ ಉಳಿದ ಪೆಟ್ರೋಲಿಯಂ ಮೂಲದ ಬಣ್ಣಗಳನ್ನೂ ಹಂತಹಂತವಾಗಿ ಬಿಡಿಸುವ ಘೋಷಣೆ ಬಂತು.

ಇವುಗಳಿಂದ ತಿಳಿಯುವುದು ಇಷ್ಟು. ಅನುಮತಿ ಇರುವ ಬಣ್ಣಗಳು ಮಿತಿಯಲ್ಲಿ ಹೆಚ್ಚಿನವರಿಗೆ ಹಾನಿ ಮಾಡುವುದಿಲ್ಲ. ಕೆಲವರಿಗೆ ಟಾರ್ಟ್ರಾಜಿನ್‌ನಿಂದ ಮೈಮೇಲೆ ದದ್ದು ಏಳುವುದುಂಟು. ಮಕ್ಕಳ ವಿಷಯದಲ್ಲಿ ಅನುಮಾನ ಉಳಿದಿದೆ. ಆದರೆ ಬಣ್ಣದಿಂದ ಯಾವ ಪೋಷಣೆಯೂ ಇಲ್ಲ, ರುಚಿಯೂ ಇಲ್ಲ. ಲಾಭವೇ ಇಲ್ಲದ ವಸ್ತುವಿಗಾಗಿ ಅನುಮಾನ ಸಹಿಸಬೇಕೇ ಎಂಬುದನ್ನು ಪ್ರತಿ ಮನೆಯೂ ನಿರ್ಧರಿಸಬೇಕು.

ಬೀದರ್ ಜಿಲ್ಲೆಗೆ ಇದರ ಸಂಬಂಧ

ಬೀದರ್ ಜಿಲ್ಲೆ ಎರಡು ರಾಜ್ಯಗಳ ನಡುವೆ ಇದೆ. ಔರಾದ್ ತಾಲ್ಲೂಕು ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ತಾಗುತ್ತದೆ. ಭಾಲ್ಕಿಯವರಿಗೆ ಉದಗೀರ್ ಪೇಟೆ ಹತ್ತಿರ, ಬೀದರ್ ನಗರದವರಿಗೆ ಜಹೀರಾಬಾದ್ ಹತ್ತಿರ. ಹೈದರಾಬಾದ್, ಲಾತೂರ್ ಕಡೆಯಿಂದ ಸರಕು ಬರುವುದು ದಿನನಿತ್ಯದ ಮಾತು. ಕರ್ನಾಟಕದ ನಿಷೇಧ ಗಡಿ ದಾಟಿದರೆ ಇಲ್ಲವಲ್ಲ ಎಂದು ಹೇಳುವವರಿದ್ದಾರೆ. ಇದು ಅರ್ಧ ಸತ್ಯ. 2024 ರ ರಾಜ್ಯದ ಆದೇಶ ಇಲ್ಲಿಗೆ ಸೀಮಿತ, ನಿಜ. ಆದರೆ ರೊಡಮಿನ್-ಬಿ, ಮೆಟಾನಿಲ್ ಯೆಲ್ಲೋ ಮೊದಲಾದ ಬಣ್ಣಗಳು 2006 ರ ಕೇಂದ್ರ ಕಾಯ್ದೆಯಡಿ ಇಡೀ ದೇಶದಲ್ಲಿ ನಿಷಿದ್ಧ. ಉದಗೀರ್‌ನಲ್ಲಿ ಕೊಂಡರೂ ಅದು ಅಪರಾಧದ ಸರಕೇ. ಕಾಟನ್ ಕ್ಯಾಂಡಿಯ ವಿಷಯದಲ್ಲಿ ಪುದುಚೇರಿ ಮತ್ತು ತಮಿಳುನಾಡು 2024 ರ ಫೆಬ್ರುವರಿಯಲ್ಲೇ, ಕರ್ನಾಟಕಕ್ಕಿಂತ ಮೊದಲೇ, ನಿಷೇಧ ತಂದಿದ್ದವು.

ಔರಾದ್‌ನ ಅಮರೇಶ್ವರ ಜಾತ್ರೆ, ಬೀದರ್‌ನ ಪಾಪನಾಶದ ಶಿವರಾತ್ರಿ ಇವು ಮಕ್ಕಳು ಕಾಯುವ ದಿನಗಳು. ಮಕ್ಕಳು 'ಬುಡ್ಡಿ ಕೆ ಬಾಲ್' ಎನ್ನುವ ಬಾಂಬೆ ಮಿಠಾಯಿ ಯಾವ ಜಾತ್ರೆಯಲ್ಲೂ ಇರುತ್ತದೆ. ಬಿಳಿಯದಾದರೆ ಅದು ಬರೀ ಸಕ್ಕರೆ, ಅದನ್ನು ಮಾರಲು ಅಡ್ಡಿ ಇಲ್ಲ. ಕಡು ಗುಲಾಬಿಯದು ಬೇಡ ಎಂದು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟು ಕಳಿಸಿದರೆ ಜಾತ್ರೆಯಲ್ಲಿ ಹಟ ಕಡಿಮೆಯಾಗುತ್ತದೆ.

ಬೀದರ್ ಜಿಲ್ಲೆ ಬೇಳೆಕಾಳಿನ ಜಿಲ್ಲೆಯೂ ಹೌದು. ತೊಗರಿ, ಹೆಸರು, ಉದ್ದು, ಕಡಲೆ ಇಲ್ಲಿಯ ಬೆಳೆ. ಗಾಂಧಿ ಗಂಜ್‌ನ ವಹಿವಾಟಿನಲ್ಲಿ ಇವೇ ಮುಖ್ಯ. ಇಲ್ಲಿ ಬಣ್ಣದ ಕಾನೂನು ಬಹಳ ಸರಳ: ಬೇಳೆಗೆ ಯಾವ ಬಣ್ಣವನ್ನೂ ಹಾಕುವಂತಿಲ್ಲ. ಎಂಟರ ಪಟ್ಟಿಯ ಬಣ್ಣವಾದರೂ ತಪ್ಪೇ. ತೊಗರಿ, ಕಡಲೆ ಬೇಳೆಗೆ ಮೆಟಾನಿಲ್ ಯೆಲ್ಲೋ ಹಚ್ಚಿ ಹಳೆಯ ಮಾಲನ್ನು ಹೊಸದರಂತೆ ತೋರಿಸುವುದು, ಒಣ ಬಟಾಣಿಗೆ ಹಸಿರು ಬಣ್ಣ ಹಚ್ಚುವುದು ದೇಶದಲ್ಲಿ ಹಳೆಯ ಕಲಬೆರಕೆ. ಕೊಳ್ಳುವವರು ಹಳದಿ ಹೊಳಪಿಗೆ ಕೆ.ಜಿ.ಗೆ ಎರಡು ರೂಪಾಯಿ ಹೆಚ್ಚು ಕೊಡಲು ಸಿದ್ಧರಿದ್ದರೆ, ಹೊಳಪು ಹಚ್ಚುವವರು ಎಲ್ಲಾದರೂ ಹುಟ್ಟಿಕೊಳ್ಳುತ್ತಾರೆ. ಬೆಲ್ಲದ್ದೂ ಇದೇ ಕಥೆ. ಬಂಗಾರದ ಬಣ್ಣದ ಬೆಲ್ಲಕ್ಕೆ ಬೇಡಿಕೆ ಹೆಚ್ಚು, ಆ ಬಣ್ಣಕ್ಕಾಗಿಯೇ ಆಲೆಮನೆಗಳಲ್ಲಿ ಹೈಡ್ರೋಸ್ ಪುಡಿ ಬೀಳುತ್ತದೆ. ಏನೂ ಹಾಕದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ.

ಯಾವುದರಿಂದ: ಜೈನ ಕುಟುಂಬಗಳ ನಾಲ್ಕನೇ ಪ್ರಶ್ನೆ

ಕೃತಕ ಬಣ್ಣ ಬಿಟ್ಟು 'ನೈಸರ್ಗಿಕ' ಬಣ್ಣಕ್ಕೆ ಹೋದರೆ ಎಲ್ಲ ಸರಿಹೋಯಿತೇ? ಆರೋಗ್ಯದ ದೃಷ್ಟಿಯಿಂದ ಬಹುಮಟ್ಟಿಗೆ ಹೌದು. ಅಹಿಂಸೆಯ ದೃಷ್ಟಿಯಿಂದ ಯಾವಾಗಲೂ ಅಲ್ಲ.

ಸಂಖ್ಯೆ 120, ಹೆಸರು ಕಾರ್ಮೈನ್ ಅಥವಾ ಕೊಚಿನೀಲ್. ಇದು ಪಾಪಸುಕಳ್ಳಿಯ ಮೇಲೆ ಬದುಕುವ ಸಣ್ಣ ಕೀಟವನ್ನು ಒಣಗಿಸಿ, ಅರೆದು ತೆಗೆಯುವ ಕೆಂಪು. ಪೆರು ದೇಶ ಇದರ ದೊಡ್ಡ ಉತ್ಪಾದಕ. ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಕೀಟ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. 2012 ರಲ್ಲಿ ಅಮೆರಿಕದ ಸ್ಟಾರ್‌ಬಕ್ಸ್ ತನ್ನ ಸ್ಟ್ರಾಬೆರಿ ಪಾನೀಯಕ್ಕೆ ಇದನ್ನೇ ಬಳಸುತ್ತಿದೆ ಎಂದು ತಿಳಿದಾಗ ಸಸ್ಯಾಹಾರಿಗಳು ಆಕ್ಷೇಪಿಸಿದರು. ಕಂಪನಿ ಟೊಮೆಟೊದಿಂದ ತೆಗೆದ ಬಣ್ಣಕ್ಕೆ ಬದಲಾಯಿತು. ಕೃತಕ ಬಣ್ಣಗಳನ್ನು ಬಿಡುತ್ತಾ ಹೋದಂತೆ ಹೊರದೇಶದ ತಯಾರಕರು ಕೆಂಪಿಗೆ 120 ನ್ನು ಹಿಡಿಯುವ ಸಾಧ್ಯತೆ ಹೆಚ್ಚು. ವಿದೇಶದಲ್ಲಿರುವ ಮಕ್ಕಳು, ಮೊಮ್ಮಕ್ಕಳು ತರುವ ಚಾಕೊಲೇಟ್, ಜೆಲ್ಲಿ, ಹಣ್ಣಿನ ಮೊಸರಿನ ಹಿಂಬದಿ ಓದಲೇಬೇಕು. 'ನ್ಯಾಚುರಲ್ ಕಲರ್' ಎಂಬ ದೊಡ್ಡ ಅಕ್ಷರ ನೋಡಿ ನಂಬುವಂತಿಲ್ಲ.

ಹೆಸರಿನ ಗೊಂದಲವೂ ಒಂದಿದೆ. ಕಾರ್ಮೈನ್ ಬೇರೆ, ಕಾರ್ಮೊಯ್ಸಿನ್ ಬೇರೆ, ಇಂಡಿಗೋ ಕಾರ್ಮೈನ್ ಬೇರೆ. ಮೊದಲನೆಯದು ಮಾತ್ರ ಕೀಟದ್ದು, ಉಳಿದೆರಡೂ ರಾಸಾಯನಿಕ. ಹೆಸರು ಮರೆತರೂ 120 ನೆನಪಿಟ್ಟರೆ ಸಾಕು.

ಭಾರತದ ಪೊಟ್ಟಣಗಳಿಗೆ ಹಸಿರು ಚುಕ್ಕೆ, ಕಂದು ತ್ರಿಕೋನದ ರಕ್ಷಣೆ ಇದೆ. ನಿಯಮದ ಪ್ರಕಾರ ಕೀಟದಿಂದ ಬಂದ ಪದಾರ್ಥವೂ ಮಾಂಸಾಹಾರದ ಲೆಕ್ಕಕ್ಕೇ ಬರುತ್ತದೆ, ಆದ್ದರಿಂದ 120 ಇರುವ ಪೊಟ್ಟಣದ ಮೇಲೆ ಕಂದು ತ್ರಿಕೋನ ಇರಬೇಕು. ಆದರೆ ಅದೇ ನಿಯಮ ಹಾಲು, ಜೇನು, ಜೇನುಮೇಣದ ಜೊತೆಗೆ ಅರಗನ್ನೂ ಹೊರಗಿಟ್ಟಿದೆ. ಅರಗು ಎಂದರೆ ಅರಗಿನ ಹುಳು ಸ್ರವಿಸುವ ಅಂಟು, ಸಂಖ್ಯೆ 904, ಇಂಗ್ಲಿಷಿನಲ್ಲಿ ಶೆಲ್ಯಾಕ್. ಬಣ್ಣದ ಗುಂಡು ಮಿಠಾಯಿ, ಚಾಕೊಲೇಟ್ ಗುಳಿಗೆಗಳಿಗೆ ಮಿರುಗು ಬರಲು ಇದನ್ನು ಲೇಪಿಸುವುದುಂಟು. ಹಸಿರು ಚುಕ್ಕೆ ಇದ್ದರೂ ಜೇನು, ಅರಗು ಒಳಗಿರಬಹುದು ಎಂಬುದನ್ನು ಜೇನು ವರ್ಜಿಸುವ ಮನೆಗಳು ತಿಳಿದಿರಬೇಕು. ಬೇಕರಿ, ಐಸ್‌ಕ್ರೀಮ್ ಗಾಡಿಯ ಬಿಡಿ ತಿನಿಸಿಗೆ ಚುಕ್ಕೆಯೂ ಇಲ್ಲ, ಸಂಖ್ಯೆಯೂ ಇಲ್ಲ. ಅಲ್ಲಿ ಬಾಯಿ ಬಿಟ್ಟು ಕೇಳುವುದೊಂದೇ ದಾರಿ.

ಕೃತಕ ಬಣ್ಣದ ಬದಲು ಬೀಟ್‌ರೂಟ್, ಗಜ್ಜರಿ ಬಳಸಿ ಎಂಬುದು ಎಲ್ಲೆಡೆ ಕೇಳುವ ಸಲಹೆ. ಕಂದಮೂಲ ತ್ಯಜಿಸಿದ ಮನೆಗಳಿಗೆ ಇದು ಹೊಂದುವುದಿಲ್ಲ. ಅದಕ್ಕೆ ಬೇರೆ ದಾರಿಗಳು ಅಡುಗೆಮನೆಯಲ್ಲೇ ಇವೆ. ಹಳದಿಗೆ ಕೇಸರಿ ಅಥವಾ ಒಣ ಅರಿಶಿನ. ಕೆಂಪಿಗೆ ದಾಳಿಂಬೆ ರಸ, ದಾಸವಾಳದ ಎಸಳು, ಕೋಕಂ. ಖಾರದ ಪದಾರ್ಥಕ್ಕೆ ಬ್ಯಾಡಗಿ ಮೆಣಸಿನಕಾಯಿ, ಅದರಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಹಸಿರಿಗೆ ಪಿಸ್ತಾ. ಚಾತುರ್ಮಾಸದಲ್ಲಿ, ಅಷ್ಟಮಿ-ಚತುರ್ದಶಿಯಂದು ಸೊಪ್ಪು ಬಿಡುವವರಿಗೆ ಪಾಲಕ್ ನಡೆಯದು, ಪಿಸ್ತಾ ನಡೆಯುತ್ತದೆ. ಇವುಗಳ ಬಣ್ಣ ಬೇಕರಿಯ ಬಣ್ಣದಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಎರಡು ದಿನಕ್ಕೆ ಮಾಸುತ್ತದೆ. ಮಾಸುವುದೇ ಅಸಲಿ ಎಂಬುದರ ಗುರುತು.

ಅಂಗಡಿಯವರಿಗೆ: ಬಿಲ್ಲೇ ರಕ್ಷಣೆ

ಸಮಾಜದ ವ್ಯಾಪಾರಸ್ಥರು 2006 ರ ಕಾಯ್ದೆಯ ಎರಡು ಕಲಂಗಳನ್ನು ತಿಳಿದಿರಬೇಕು. 26 ನೇ ಕಲಂ ಪ್ರಕಾರ ಅಂಗಡಿಗೆ ಸರಕು ಕೊಡುವವರು ಅದರ ಗುಣದ ಬಗ್ಗೆ ಬರಹದಲ್ಲಿ ಖಾತರಿ ಕೊಡಬೇಕು. ಬಿಲ್ ಅಥವಾ ಇನ್‌ವಾಯ್ಸ್ ಕೊಟ್ಟರೆ ಅದನ್ನೇ ಖಾತರಿ ಎಂದು ಕಾನೂನು ಒಪ್ಪುತ್ತದೆ. 27 ನೇ ಕಲಂ ಪ್ರಕಾರ ಮಾರುವವನು ತಾನು ಯಾರಿಂದ ಕೊಂಡೆ ಎಂದು ತೋರಿಸಲಾಗದಿದ್ದರೆ ಹೊಣೆ ಅವನ ಮೇಲೇ ಬರುತ್ತದೆ. ಬಿಲ್ ಇಲ್ಲದೆ ಕೆ.ಜಿ.ಗೆ ನಾಲ್ಕು ರೂಪಾಯಿ ಉಳಿಸಿ ತಂದ ಅರಿಶಿನ ಪುಡಿಯ ಮಾದರಿ ನಾಳೆ ಪ್ರಯೋಗಾಲಯದಲ್ಲಿ ಬಿದ್ದುಹೋದರೆ, ತಯಾರಿಸಿದವನು ಸಿಗುವುದಿಲ್ಲ, ಅಂಗಡಿಯ ಹಲಗೆಯ ಮೇಲಿನ ಹೆಸರು ಮಾತ್ರ ಸಿಗುತ್ತದೆ. 2024 ರ ಮಾರ್ಚ್ ಆದೇಶದಲ್ಲಿ 10 ಲಕ್ಷ ರೂಪಾಯಿ ದಂಡ, 7 ವರ್ಷದ ಸೆರೆವಾಸದ ಮಾತಿದೆ. ಕಾಯ್ದೆಯಲ್ಲಿ ಶಿಕ್ಷೆ ಆದ ಹಾನಿಗೆ ತಕ್ಕಂತೆ ಏರುತ್ತದೆ. ಅತಿ ಕಠಿಣ ಶಿಕ್ಷೆ ಸಾವು ಸಂಭವಿಸಿದಾಗ.

ಬಣ್ಣದ ಡಬ್ಬಿ ಮಾರುವ ಕಿರಾಣಿಯವರು ಒಂದು ಕೆಲಸ ಮಾಡಬಹುದು. ಹೋಳಿ ಬಣ್ಣ, ರಂಗೋಲಿ ಬಣ್ಣ, ಆಹಾರದ ಬಣ್ಣವನ್ನು ಒಂದೇ ಕಪಾಟಿನಲ್ಲಿ ಇಡಬಾರದು. ಬಿಡಿ ಬಣ್ಣ ಕಟ್ಟಿ ಕೊಡಬಾರದು. 'ಇದು ಮಿಠಾಯಿಗೆ, ಭಜಿಗೆ ಅಲ್ಲ, 10 ಕೆ.ಜಿ.ಗೆ 1 ಗ್ರಾಂ' ಎಂದು ಕೊಳ್ಳುವವರಿಗೆ ಒಂದು ಮಾತು ಹೇಳಿದರೆ ಅದೂ ಧರ್ಮದ ಕೆಲಸವೇ.

ಮನೆಯಲ್ಲಿ ನೋಡುವ ಪರೀಕ್ಷೆಗಳು

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮನೆಯಲ್ಲೇ ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಪ್ರಕಟಿಸಿದೆ.

ಅರಿಶಿನ: ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಬಿಡಿ. ಶುದ್ಧ ಅರಿಶಿನ ತಿಳಿ ಹಳದಿ ಬಿಟ್ಟು ತಳಕ್ಕೆ ಕೂರುತ್ತದೆ. ನೀರು ಗಾಢ ಹಳದಿಯಾದರೆ ಅನುಮಾನ.
ಖಾರದ ಪುಡಿ: ನೀರಿನ ಮೇಲೆ ಉದುರಿಸಿ. ಬಣ್ಣ ಗೆರೆಗೆರೆಯಾಗಿ ಕೆಳಗೆ ಇಳಿದರೆ ಕೃತಕ ಬಣ್ಣ ಇದೆ.
ಬಟಾಣಿ: ಗಾಜಿನ ಲೋಟದ ನೀರಿನಲ್ಲಿ ಅರ್ಧ ಗಂಟೆ ಬಿಡಿ. ನೀರು ಹಸಿರಾದರೆ ಬಣ್ಣ ಹಚ್ಚಿದ್ದು.
ಕೇಸರಿ: ಅಸಲಿ ಎಳೆ ನೀರಿಗೆ ನಿಧಾನವಾಗಿ, ಬಹಳ ಹೊತ್ತು ಬಣ್ಣ ಬಿಡುತ್ತಲೇ ಇರುತ್ತದೆ. ಮೆಕ್ಕೆಜೋಳದ ನಾರಿಗೆ ಬಣ್ಣ ಹಚ್ಚಿದ್ದಾದರೆ ಹಾಕಿದ ಕೂಡಲೇ ನೀರು ಕೆಂಪಾಗಿ, ಎಳೆ ಬಿಳಚಿಕೊಳ್ಳುತ್ತದೆ. ಪೂಜೆಗೆ ಕೇಸರಿ ಕೊಳ್ಳುವ ಮಂದಿರಗಳಿಗೂ ಈ ಪರೀಕ್ಷೆ ಉಪಯುಕ್ತ.

ಈ ಪರೀಕ್ಷೆಗಳು ಬಣ್ಣ ಇದೆಯೋ ಇಲ್ಲವೋ ಎಂದಷ್ಟೇ ಸೂಚಿಸುತ್ತವೆ, ಯಾವ ಬಣ್ಣ ಎಂದು ಹೇಳಲಾರವು. ಮನೆಯ ಪರೀಕ್ಷೆ ನಂಬಿ ಯಾವ ಅಂಗಡಿಯವರ ಹೆಸರನ್ನೂ ವಾಟ್ಸ್‌ಆ್ಯಪ್‌ನಲ್ಲಿ ಹರಡಬಾರದು. ಅದಕ್ಕೆ ಕಾನೂನಿನ ದಾರಿ ಇದೆ. ಕಾಯ್ದೆಯ 40 ನೇ ಕಲಂ ಪ್ರಕಾರ ಯಾವ ಗ್ರಾಹಕರೂ ತಾವು ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಹಾಗೆಂದು ತಿಳಿಸಿರಬೇಕು. ಮಾದರಿ ತಪ್ಪೆಂದು ಬಂದರೆ ಶುಲ್ಕ ವಾಪಸು ಸಿಗುತ್ತದೆ. ಬೀದರ್‌ನವರಿಗೆ ಹತ್ತಿರದ ಸರ್ಕಾರಿ ಆಹಾರ ಪ್ರಯೋಗಾಲಯ ಕಲಬುರಗಿಯ ವಿಭಾಗೀಯ ಪ್ರಯೋಗಾಲಯ. ದೂರು ಕೊಡುವುದಾದರೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳ ಕಚೇರಿ ಇದೆ, ಪ್ರಾಧಿಕಾರದ ಉಚಿತ ದೂರವಾಣಿ 1800-112-100 ಇದೆ.

ಸಂಘ-ಸಂಸ್ಥೆಗಳು ಮಾಡಬಹುದಾದದ್ದು

ಪರ್ಯೂಷಣ, ದಶಲಕ್ಷಣ ಪರ್ವದ ಪಾರಣೆ, ಮಹಾವೀರ ಜಯಂತಿಯ ಪ್ರಸಾದ, ಸಾಧರ್ಮಿಕ ವಾತ್ಸಲ್ಯದ ಊಟ ಇವು ನೂರಾರು ಜನ ಒಟ್ಟಿಗೆ ಉಣ್ಣುವ ಸಂದರ್ಭಗಳು. ಉಪವಾಸ ಮುಗಿಸಿದ ಹೊಟ್ಟೆಗೆ ಮೊದಲು ಬೀಳುವ ಪದಾರ್ಥ ಶುದ್ಧವಿರಬೇಕೆಂದು ನೀರನ್ನೂ ಸೋಸಿ, ಕಾಯಿಸಿ ಕೊಡುವ ಸಂಪ್ರದಾಯ ಇದು. ಅದೇ ಪಂಕ್ತಿಯಲ್ಲಿ ಹೆಸರು ತಿಳಿಯದ ಬಣ್ಣದ ಬುಂದಿ ಬಡಿಸಿದರೆ ಸೋಸಿದ್ದರ ಅರ್ಥ ಉಳಿಯುವುದಿಲ್ಲ. ಧಾರ್ಮಿಕ ಸಮಾರಂಭದಲ್ಲಿ ಆಹಾರ ಹಂಚುವವರನ್ನೂ ಆಹಾರ ಸುರಕ್ಷತೆಯ ನೋಂದಣಿ ನಿಯಮಗಳು ಬಿಟ್ಟಿಲ್ಲ ಎಂಬುದನ್ನೂ ಸಮಿತಿಗಳು ಗಮನಿಸಬೇಕು.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಅಡುಗೆ ಮಹಾರಾಜರಿಗೆ, ಹಲವಾಯಿಗಳಿಗೆ ಆರ್ಡರ್ ಕೊಡುವಾಗ ಚೀಟಿಯಲ್ಲಿ ಜಿರಳು-ಜೀರಿಗೆ ಬರೆದಂತೆಯೇ 'ಬಣ್ಣ ಬೇಡ' ಎಂದೂ ಒಂದು ಸಾಲು ಬರೆಯುವುದು. ಬುಂದಿಯ ಹಳದಿ ಕಡಲೆಹಿಟ್ಟಿನ ಹಳದಿಯಷ್ಟೇ ಇರಲಿ ಎಂದು ಮೊದಲೇ ಹೇಳುವುದು. ಪಾಠಶಾಲೆಯ ಮಕ್ಕಳಿಗೆ ಒಂದು ದಿನ ಪೊಟ್ಟಣಗಳನ್ನು ತರಿಸಿ 102, 110, 120, 122, 124, 127, 904 ಈ ಏಳು ಸಂಖ್ಯೆಗಳನ್ನು ಹುಡುಕಿಸುವುದು. ಮಕ್ಕಳು ಒಮ್ಮೆ ಕಲಿತರೆ ಮನೆಯ ಹಿರಿಯರಿಗಿಂತ ಚುರುಕಾಗಿ ಓದುತ್ತಾರೆ.

ಮಾರುಕಟ್ಟೆ ಬದಲಾಗದು ಎನ್ನುವವರಿಗೆ ಬಾಂಗ್ಲಾದೇಶದ ಉದಾಹರಣೆ ಇದೆ. ಅಲ್ಲಿ ಅರಿಶಿನಕ್ಕೆ ಹೊಳಪು ಬರಲು ಲೆಡ್ ಕ್ರೋಮೇಟ್ ಎಂಬ ಸೀಸದ ಬಣ್ಣ ಹಚ್ಚುತ್ತಿದ್ದರು. 2019 ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ನೂರಕ್ಕೆ 47 ರಲ್ಲಿ ಅದು ಸಿಕ್ಕಿತ್ತು. ಸರ್ಕಾರ ದಾಳಿ ಮಾಡಿ ದಂಡ ಹಾಕಿತು, ಪತ್ರಿಕೆಗಳು ಬರೆದವು, ಅರಿಶಿನ ಅಷ್ಟು ಹೊಳೆಯಬಾರದೆಂದು ಜನ ಕಲಿತರು. 2021 ರ ಹೊತ್ತಿಗೆ ಆ ಪ್ರಮಾಣ ಸೊನ್ನೆಗೆ ಇಳಿಯಿತು.

ಎರಡು ವರ್ಷದಲ್ಲಿ ಒಂದು ದೇಶದ ಅರಿಶಿನ ಪೇಟೆ ಬದಲಾಗುವುದಾದರೆ ಬೀದರ್, ಭಾಲ್ಕಿ, ಔರಾದ್‌ನ ಸಮಾಜದ ಪಂಕ್ತಿ ಮತ್ತು ಅಂಗಡಿಗಳು ಬದಲಾಗಲು ಅಷ್ಟು ಕಾಲವೂ ಬೇಡ. ಬರುವ ಪರ್ವಕ್ಕೆ ಮುಂಚೆ ಪ್ರತಿ ಊರಿನ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಇಟ್ಟು, ಪಾರಣೆಯ ಅಡುಗೆಗೆ ಬಣ್ಣ ಬೇಡ ಎಂಬ ಒಂದು ನಿರ್ಣಯ ಬರೆದುಕೊಂಡರೆ ಆರಂಭಕ್ಕೆ ಸಾಕು.